ಬೆನ್ನು ತಿರುಗಿಸಿ ಕೇಳಿದ ಗಂಟೆ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವನಿಗೆ ಕಿವಿಯಣ್ಣ ಎಂದು ಹೆಸರಿಟ್ಟವರು ಯಾರೋ, ಈಗ ಯಾರಿಗೂ ನೆನಪಿಲ್ಲ. ಆದರೆ ಹೆಸರು ಪುಕ್ಕಟೆ ಬಂದದ್ದಲ್ಲ. ಕಂಬ ಹತ್ತಿ, ತಂತಿಗೆ ಟೆಸ್ಟ್ ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ಕೇಳಿದರೆ ಸಾಕು, "ಆಚೆ ಬೀದಿ ಜಾಯಿಂಟಿಗೆ ನೀರು ಇಳಿದಿದೆ" ಎನ್ನುತ್ತಿದ್ದ. ಹೋಗಿ ಬಿಚ್ಚಿದರೆ ನೀರು ಇಳಿದಿರುತ್ತಿತ್ತು. ಕರಕರ ಎಂದರೆ ತುಕ್ಕು, ಸರಸರ ಎಂದರೆ ತೇವ, ಗುಂಯ್ ಎಂದರೆ ಪಕ್ಕದಲ್ಲೆಲ್ಲೋ ಕರೆಂಟಿನ ತಂತಿ. ಇಂಥವನಿಗೆ ಸ್ವಲ್ಪ ಜಂಬ ಇರದೆ ಇರುತ್ತದೆಯೇ? ಸ್ವಲ್ಪವಲ್ಲ, ಹೊತ್ತುಕೊಂಡು ಓಡಾಡುವುದು ಕಷ್ಟವಾಗುವಷ್ಟು ಇತ್ತು.

ಕೆಲಸ ಕಲಿಸಿದ ಹಿರಿಯ ಮೇಸ್ತ್ರಿಯ ಒಂದು ಮಾತನ್ನು ಅವನು ಜನ್ಮವಿಡೀ ಪಾಲಿಸಿಕೊಂಡು ಬಂದ. ಫೋನಿನ ಗಂಟೆ ರಿಪೇರಿ ಮಾಡಿದ ಮೇಲೆ ಅದನ್ನು ಪರೀಕ್ಷೆ ಮಾಡುವಾಗ ನೋಡಬಾರದು. "ಸುತ್ತಿಗೆ ಅಲ್ಲಾಡೋದು ಕಣ್ಣಿಗೆ ಕಂಡ್ರೆ, ಇಲ್ಲದ ಸದ್ದನ್ನೂ ಕಿವಿ ಕೇಳಿಸ್ಕೊಂಡ್ಬಿಡುತ್ತೆ ಕಣಯ್ಯ. ಗಂಟೆ ನೋಡೋ ವಸ್ತು ಅಲ್ಲ. ಮುಚ್ಚಳ ಹಾಕು, ಬೆನ್ನು ತಿರುಗ್ಸು, ಕೇಳು." ಕಿವಿಯಣ್ಣ ಹಾಗೇ ಮಾಡುತ್ತಿದ್ದ. ಗಿರಾಕಿ ಎದುರಿಗಿದ್ದರೂ ಸರಿ, ಫೋನಿಗೆ ಬೆನ್ನು ಹಾಕಿ, ಕೈ ಹಿಂದೆ ಕಟ್ಟಿಕೊಂಡು, ಗೋಡೆಯನ್ನೋ ಕಿಟಕಿಯನ್ನೋ ನೋಡುತ್ತಾ ನಿಲ್ಲುತ್ತಿದ್ದ. ಅವನು ಮುನಿಸಿಕೊಂಡಿದ್ದಾನೆ ಎಂದುಕೊಂಡ ಗಿರಾಕಿಗಳೂ ಇದ್ದರು.

ನಿವೃತ್ತಿಯಾದ ಮೇಲೆ ಮನೆಯ ಹಿಂಬದಿಯ ಕೋಣೆಯೇ ಅವನ ವರ್ಕ್‌ಶಾಪು. ಒಂದು ಗೋಡೆಯಾಚೆ ಅಡುಗೆಮನೆ, ಕಿಟಕಿಯಾಚೆ ಬಟ್ಟೆ ಒಗೆಯುವ ಕಲ್ಲಿನ ಅಂಗಳ, ಅಂಗಳದ ಕೊನೆಗೆ ಮಾಳಿಗೆಗೆ ಹೋಗುವ ಮೆಟ್ಟಿಲು. ಹಳೇ ಫೋನುಗಳನ್ನು ಚಂದಕ್ಕೆ ಇಟ್ಟುಕೊಳ್ಳುವ ಜನ ಅವನ್ನು ರಿಪೇರಿಗೆ ತಂದುಕೊಡುತ್ತಿದ್ದರು. ಹೆಂಡತಿ ತೀರಿಹೋಗಿದ್ದಳು. ಮನೆಯಲ್ಲಿ ಮಗ, ಸೊಸೆ, ಅವನು. ಮಗ ಬೆಳಿಗ್ಗೆ ಪ್ರೆಸ್ಸಿಗೆ ಹೋದರೆ ಬರುವುದು ಸಂಜೆಗೆ. ಹಾಗಿರುವಾಗ ಕಿವಿಯಣ್ಣನ ಅಕ್ಕ ಸೊಂಟದ ಮೂಳೆ ಮುರಿದುಕೊಂಡಳು. ಅವಳಿಗೆ ಮಕ್ಕಳಿಲ್ಲ, ಗಂಡನೂ ಇಲ್ಲ. "ನಾನಿಲ್ವಾ" ಎಂದು ಕಿವಿಯಣ್ಣ ಅವಳನ್ನು ಕರೆತಂದು ಮಾಳಿಗೆಯ ಕೋಣೆಯಲ್ಲಿ ಮಲಗಿಸಿದ.

ಎತ್ತಿ ಆಡಿಸಿದ ಅಕ್ಕ. ಅವಳಿಗೋಸ್ಕರ ಅವನು ತನ್ನ ಖಜಾನೆಯಿಂದ ಹಿಡಿ ತಿರುಗಿಸುವ ಕಾಲದ ಎರಡು ಮರದ ಫೋನುಗಳನ್ನು ತೆಗೆದ. ಒಂದು ಅವಳ ಹಾಸಿಗೆಯ ಪಕ್ಕಕ್ಕೆ, ಒಂದು ತನ್ನ ಮೇಜಿನ ಮೇಲೆ, ನಡುವೆ ಗೋಡೆಗುಂಟ ಎರಡು ತಂತಿ. ಮೇಲೆ ಹಿಡಿ ತಿರುಗಿಸಿದರೆ ಕೆಳಗೆ ಗಂಟೆ ಹೊಡೆಯಬೇಕು. ಗಂಟೆಗೆಂದು ಪುಟ್ಟ ಹಿತ್ತಾಳೆ ಬಟ್ಟಲುಗಳನ್ನೇ ಆರಿಸಿ ಹಾಕಿದ. ದೊಡ್ಡ ಬಟ್ಟಲಿನ ಸದ್ದು ದಪ್ಪ, ಗೋಡೆಗೆ ಬಡಿದು ಸಾಯುತ್ತದೆ. ಸಣ್ಣದರ ಸದ್ದು ಚೂಪು, ಅಂಗಳ ದಾಟಿ ಹೋಗುತ್ತದೆ ಎಂಬುದು ಅವನ ಲೆಕ್ಕಾಚಾರ. "ನೀನು ಹಿಡಿ ಮುಟ್ಟು, ನಾನು ಮೆಟ್ಟಿಲಲ್ಲಿ ಇರ್ತೀನಿ" ಎಂದ. ಅಕ್ಕ ಕಣ್ಣೊರೆಸಿಕೊಂಡಳು.

ಇಲ್ಲಿಯವರೆಗೆ ಎಲ್ಲ ಚೆನ್ನ. ಆದರೆ ಈಚೆಗೆ ಕಿವಿಯಣ್ಣನಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಯಾರು ಏನು ಹೇಳಿದರೂ "ಹೂಂ, ಹೂಂ" ಎನ್ನುವುದು. ಎತ್ತು ಕರು ಹಾಕಿತು ಎಂದರೂ ಹೂಂ, ಕೊಟ್ಟಿಗೆಗೆ ಕಟ್ಟು ಎಂದರೂ ಹೂಂ. ಮಗ ಅದನ್ನು ಜಾಣಕಿವುಡು ಎನ್ನುತ್ತಿದ್ದ, ಬೇಕಾದ್ದು ಮಾತ್ರ ಕೇಳಿಸುತ್ತದೆ ಎಂದು. ಒಮ್ಮೆ ತಮಾಷೆ ಬಿಟ್ಟು, "ಅಪ್ಪ, ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸ್ಕೊಂಡು ಬರೋಣ್ವಾ" ಎಂದದ್ದಕ್ಕೆ ಕಿವಿಯಣ್ಣ ಎರಡು ದಿನ ತಟ್ಟೆಯ ಮುಂದೆ ಕೂರಲಿಲ್ಲ. ಅವನ ದೂರುಗಳೇ ಬೇರೆ ಇದ್ದವು. ಈ ಬೀದಿಯಲ್ಲಿ ಗುಬ್ಬಚ್ಚಿಗಳೇ ಇಲ್ಲವಾದವು. ಈಗಿನ ಹೆಂಗಸರು ಬಾಯೊಳಗೇ ಮಾತಾಡುತ್ತಾರೆ. ಸೊಸೆಗೆ ಮಾಳಿಗೆ ಬಿಟ್ಟರೆ ಬೇರೆ ಜಾಗವಿಲ್ಲ, ಯಾವಾಗ ನೋಡಿದರೂ ಅಕ್ಕನ ಹತ್ತಿರ ಹರಟೆ. ತಾನು ಗಂಟೆಗಾಗಿ ಕಾದು ಕೂತಿದ್ದರೂ ಅಕ್ಕ ಈಗೀಗ ಕರೆಯುವುದೇ ಇಲ್ಲ.

ಒಂದು ದಿನ ಸೊಸೆ ಹಲ್ಲು ಕೀಳಿಸಿಕೊಳ್ಳಲು ಹೋದಳು. ಹೋಗುವ ಮುಂಚೆ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು, ಊದಿದ ಕೆನ್ನೆ ಹಿಡಿದುಕೊಂಡು ಏನೋ ಹೇಳಿದಳು. ಕಿವಿಯಣ್ಣ ಬಗ್ಗಿ ಸ್ಕ್ರೂ ಬಿಚ್ಚುತ್ತಿದ್ದ. "ಹೂಂ, ಹೂಂ" ಎಂದ. ಗೇಟು ಹಾಕಿಕೊಳ್ಳಿ ಎಂದಿರಬೇಕು ಎಂದುಕೊಂಡು, ಹೋಗಿ ಗೇಟೂ ಹಾಕಿ ಬಂದ.

ಮಧ್ಯಾಹ್ನ ಇಳಿದ ಮೇಲೆ ಟೀ ತೆಗೆದುಕೊಂಡು ಮಾಳಿಗೆಗೆ ಹೋದರೆ, ಅಕ್ಕ ನೆಲದ ಮೇಲಿದ್ದಳು. ಒಬ್ಬಳೇ ಎದ್ದು ಬಚ್ಚಲಿಗೆ ಹೋಗಲು ನೋಡಿ ಮಂಚದ ಪಕ್ಕದಲ್ಲೇ ಜಾರಿದ್ದಳು. ಬಟ್ಟೆಯೆಲ್ಲ ಒದ್ದೆ. ಮೂಳೆಗೇನೂ ಆಗಿರಲಿಲ್ಲ, ಅದೊಂದು ಪುಣ್ಯ. ಆದರೆ ತಮ್ಮನನ್ನು ನೋಡಿದ ಕೂಡಲೇ ಅವಳು ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು.

"ಯಾಕಕ್ಕ, ಕರೀಬಾರ್ದಿತ್ತಾ?"

"ಕರೆದೆ ಕಣೋ. ಕೈ ಬಿದ್ದು ಹೋಗೋ ತನಕ ತಿರುಗಿಸಿದೆ."

ಕಿವಿಯಣ್ಣ ಅವಳನ್ನು ಎತ್ತಿ, ಕಣ್ಣು ಬೇರೆ ಕಡೆ ಇಟ್ಟುಕೊಂಡು ಬಟ್ಟೆ ಬದಲಾಯಿಸಿದ. ಮಧ್ಯಾಹ್ನವಿಡೀ ಅವನು ಫೋನಿನ ಪಕ್ಕದಲ್ಲೇ ಕೂತಿದ್ದ. ಗಂಟೆ ಹೊಡೆದಿರಲಿಲ್ಲ. ಹೊಡೆದಿದ್ದರೆ ತನಗೆ ಕೇಳಿಸದೆ ಇರುತ್ತಿತ್ತೇ, ತನಗೆ? ಅಂದಮೇಲೆ ತಂತಿ ಕಿತ್ತಿರಬೇಕು. ತಂತಿ ತಾನಾಗಿ ಕೀಳುವುದಿಲ್ಲ, ಯಾರೋ ಎಳೆದಿರಬೇಕು. ದಿನಾ ಆ ಮೇಜಿನ ಕೆಳಗೆ ಗುಡಿಸುವವರು ಯಾರು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮವನಿಗೆ ಡೊಂಕು ನೆಲ ಸಿಕ್ಕಿಬಿಟ್ಟಿತು.

ಸಂಜೆ ಮಾಳಿಗೆಯ ಕೋಣೆಯಲ್ಲಿ, ಮಗನೆದುರು, ಅಕ್ಕನೆದುರು, ಆಗಷ್ಟೇ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದಿದ್ದ ಸೊಸೆಗೆ ಅವನು ಅಂದುಬಿಟ್ಟ. "ಕಸಪೊರಕೆ ಆಡಿಸೋವಾಗ ಕಣ್ಣು ಎಲ್ಲಿಟ್ಟಿರ್ತೀಯಮ್ಮ? ತಂತಿ ಎಳೆದು ಹಾಕಿದೀಯ. ನನ್ನ ಅಕ್ಕನ ಮಾನ ಹೋಯ್ತು."

ಸೊಸೆ ಅವನ ಮುಖವನ್ನೇ ನೋಡಿದಳು. ಆಮೇಲೆ, "ಇರಬಹುದು ಮಾವ" ಎಂದಳು.

ಮಗ ಹೆಂಡತಿಯ ಕಡೆ ಸಿಡುಕಿನಿಂದ ನೋಡಿ ಎದ್ದುಹೋದ. ಅಕ್ಕ ಮಾತ್ರ ಸುಮ್ಮನಾಗಲಿಲ್ಲ. "ಕೂಗಿದ್ರೆ ಕೇಳೋರಿಲ್ಲದ ಮನೇಲಿ ನಾನ್ಯಾಕಿರ್ಲಿ? ನನ್ನನ್ನ ಯಾವುದಾದ್ರೂ ವೃದ್ಧಾಶ್ರಮಕ್ಕೇ ಸೇರ್ಸಿ. ಅಲ್ಲಿ ಆಯಾ ಆದ್ರೂ ಬರ್ತಾಳೆ" ಎಂದಳು. ಬಾಯಿ ಮಾತಿಗೆ ಅಂದದ್ದಲ್ಲ. ತಮ್ಮನ ಮಗನ ಕೈಲಿ ಆಶ್ರಮದ ವಿಚಾರಣೆ ಮಾಡಿಸಿದಳು, ಬಟ್ಟೆ ಗಂಟು ಕಟ್ಟಿಸಿದಳು. ಭಾನುವಾರ ಹೊರಡುವುದು ಎಂದಾಯಿತು.

"ಭಾನುವಾರದೊಳಗೆ ಗಂಟೆ ಸರಿಮಾಡ್ತೀನಿ ಅಕ್ಕ. ಆಮೇಲೂ ಹೋಗ್ತೀನಿ ಅಂದ್ರೆ ಹೋಗು" ಎಂದ ಕಿವಿಯಣ್ಣ. ಅಕ್ಕ ಉತ್ತರ ಕೊಡಲಿಲ್ಲ. ಕೊಟ್ಟಳೋ ಏನೋ, ಅವನಿಗೆ ಕೇಳಿಸಲಿಲ್ಲ.

ಮಾರನೆಯ ದಿನದಿಂದ ಕಿವಿಯಣ್ಣ ಫೋನಿನ ಮೇಲೆ ಬಿದ್ದ. ಮೊದಲು ಗೋಡೆಗುಂಟ ತಂತಿಯನ್ನು ಬೆರಳಲ್ಲಿ ಸವರುತ್ತಾ ಮೆಟ್ಟಿಲು ಹತ್ತಿದ. ಎಲ್ಲೂ ಕಿತ್ತಿರಲಿಲ್ಲ. ಮೀಟರು ಹಿಡಿದ. ತಂತಿ ಸರಿಯಾಗಿತ್ತು. ಅದೇ ಫೋನನ್ನು ಕಿವಿಗೊತ್ತಿ ಅಕ್ಕನ ಜೊತೆ ಮಾತಾಡಿ ನೋಡಿದ. ಮಾತು ಎರಡೂ ಕಡೆ ಸಲೀಸಾಗಿ ಹೋಗುತ್ತಿತ್ತು. ಅಂದರೆ ರೋಗ ಗಂಟೆಯದೇ. ಪೆಟ್ಟಿಗೆ ಬಿಚ್ಚಿ, ಗಂಟೆಯ ಸುರುಳಿಗೆ ಹೋಗುವ ಎರಡು ಎಳೆಗಳನ್ನು ಕಳಚಿ, ಉಪ್ಪುಕಾಗದದಲ್ಲಿ ತಿಕ್ಕಿ ಹೊಳಪು ಬರಿಸಿ ಮತ್ತೆ ಬಿಗಿದ. ಮುಚ್ಚಳ ಹಾಕಿ, ಫೋನೆತ್ತಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. "ಅಕ್ಕ, ಫೋನಿಡು. ಇಟ್ಟು ತಿರುಗ್ಸು." ಬೆನ್ನು ತಿರುಗಿಸಿ ನಿಂತ.

ಇಲ್ಲ.

ಸುತ್ತಿಗೆ ಬಟ್ಟಲಿಗೆ ತಾಗುತ್ತಿಲ್ಲವೇನೋ ಎಂದು ಸಂದಿಯನ್ನು ಪೋಸ್ಟ್‌ಕಾರ್ಡಿನ ದಪ್ಪಕ್ಕೆ ತಂದ. ಬೆನ್ನು ತಿರುಗಿಸಿ ಕೇಳಿದ. ಇಲ್ಲ. ಎಳೆಗಳನ್ನು ಅದಲುಬದಲು ಮಾಡಿದ, ಅದರಿಂದ ಏನೂ ಆಗದು ಎಂದು ಗೊತ್ತಿದ್ದೂ ಮಾಡಿದ. ಇಲ್ಲ. ಸುರುಳಿಯನ್ನೇ ತೆಗೆದು ಬೇರೆ ಫೋನಿನದು ಹಾಕಿದ. ಇಲ್ಲ. ಪ್ರತಿ ಸಲವೂ ಅಕ್ಕ ಮೇಲೆ ನೋಯುವ ಮಣಿಕಟ್ಟಿನಲ್ಲಿ ಹಿಡಿ ತಿರುಗಿಸುತ್ತಿದ್ದಳು. ಅವಳ ಕಿಟಕಿ ಬಸ್ಸು ಲಾರಿ ಓಡುವ ರಸ್ತೆಗೆ ತೆರೆದಿತ್ತು, ಕೆಳಗಿನದು ಏನೂ ಅವಳಿಗೆ ಕೇಳುತ್ತಿರಲಿಲ್ಲ. ಗೋಡೆಯಾಚೆ ಅಡುಗೆಮನೆಯಲ್ಲಿ ಸೊಸೆ ಇರುತ್ತಿದ್ದಳು. ಮಾವ ಕೂಗುವುದು ಅವಳಿಗೆ ಕೇಳುತ್ತಿತ್ತು. ಆಮೇಲಿನದೂ ಕೇಳುತ್ತಿತ್ತು. ಅವಳು ವರ್ಕ್‌ಶಾಪಿಗೆ ಕಾಲಿಡುವುದನ್ನು ಬಿಟ್ಟಿದ್ದಳು. ಟೀ ಲೋಟವನ್ನು ಹೊಸ್ತಿಲ ಹೊರಗೇ ಇಟ್ಟು ಹೋಗುತ್ತಿದ್ದಳು. ಕಿವಿಯಣ್ಣನೂ ಅವಳನ್ನು ಕರೆಯಲಿಲ್ಲ. ತಪ್ಪು ಮಾಡಿದವಳು, ಸ್ವಲ್ಪ ದಿನ ಮುದುಡಿಕೊಂಡಿರಲಿ ಎಂದುಕೊಂಡ.

ಶನಿವಾರ ಬಂತು. ಅವನಿಗೆ ಮಾಡಲು ಇನ್ನೇನೂ ಉಳಿದಿರಲಿಲ್ಲ. ಒಂದು ಪೆಟ್ಟಿಗೆಯೊಳಗೆ ಇರುವುದಾದರೂ ಏನು? ಸುರುಳಿ, ಸುತ್ತಿಗೆ, ಎರಡು ಬಟ್ಟಲು, ಎರಡು ಎಳೆ. ನಲವತ್ತು ವರ್ಷ ಊರಿನ ಗಂಟೆಗಳನ್ನೆಲ್ಲ ಹೊಡೆಸಿದವನಿಗೆ ಮನೆಯದೊಂದು ಗಂಟೆ ಬಗ್ಗುತ್ತಿಲ್ಲ. ಎಲ್ಲವನ್ನೂ ಮತ್ತೊಮ್ಮೆ ಬಿಗಿದು, ಮುಚ್ಚಳವನ್ನು ಹಾಗೇ ಮೇಲಿಟ್ಟು, ಅದರ ಸ್ಕ್ರೂಗಳನ್ನು ಮುಚ್ಚಳದ ಮೇಲೇ ಗುಡ್ಡೆ ಹಾಕಿದ. ಫೋನಿನಲ್ಲಿ ಅಕ್ಕನಿಗೆ, "ಕೈ ಸೋಲೋ ತನಕ ತಿರುಗಿಸ್ತಾನೇ ಇರಕ್ಕ, ಇದೇ ಕೊನೆ" ಎಂದ. ಈ ಸಲ ಕೂಗಲಿಲ್ಲ. ಕೂಗುವ ಉತ್ಸಾಹ ಉಳಿದಿರಲಿಲ್ಲ. ಮೇಸ್ತ್ರಿ ಹೇಳಿದಂತೆ ಬೆನ್ನು ತಿರುಗಿಸಿ, ಕೈ ಹಿಂದೆ ಕಟ್ಟಿ, ಕಿಟಕಿಯ ಕಡೆ ಮುಖ ಮಾಡಿ ನಿಂತ.

ಅಂಗಳದಲ್ಲಿ ಸೊಸೆ ಬಟ್ಟೆ ಹಿಂಡುತ್ತಿದ್ದಳು. ಇದ್ದಕ್ಕಿದ್ದ ಹಾಗೆ ತಲೆ ಎತ್ತಿದಳು. ಹಿಂಡುತ್ತಿದ್ದ ಬೆಡ್‌ಶೀಟನ್ನು ಬಕೆಟ್ಟಿಗೆ ಹಾಕಿ, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಮೆಟ್ಟಿಲಿನ ಕಡೆ ಓಡಿದಳು.

ಇವಳೇಕೆ ಓಡುತ್ತಿದ್ದಾಳೆ ಎಂದುಕೊಂಡ ಕಿವಿಯಣ್ಣ. ಎರಡು ಮೆಟ್ಟಿಲು ಹತ್ತಿದವಳ ಕಣ್ಣು ಕಿಟಕಿಗೆ ಬಿತ್ತು. ಮಾವ ಅಲ್ಲಿ ನಿಂತಿರುವುದನ್ನು ಕಂಡು ಅವಳು ಅಲ್ಲೇ ನಿಂತುಬಿಟ್ಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಮುಖ ಹೇಗಿರುತ್ತದೋ, ಅವಳ ಮುಖ ಹಾಗಾಯಿತು. ಕಳ್ಳತನ ಮಾತ್ರ ಅವಳದಾಗಿರಲಿಲ್ಲ.

ಕಿವಿಯಣ್ಣ ನಿಧಾನವಾಗಿ ತಿರುಗಿದ. ಜೀವಮಾನದಲ್ಲೇ ಮೊದಲ ಸಲ, ಪರೀಕ್ಷೆಯ ನಡುವೆ ಗಂಟೆಯ ಕಡೆ ತಿರುಗಿದ. ಮುಚ್ಚಳದ ಮೇಲೆ ಸ್ಕ್ರೂಗಳು ಕುಣಿಯುತ್ತಿದ್ದವು. ಹುರಿಯುವ ಬಾಣಲೆಯ ಕಾಳಿನ ಹಾಗೆ ಎದ್ದೆದ್ದು ಬೀಳುತ್ತಿದ್ದವು. ಒಂದು ಸ್ಕ್ರೂ ಅಂಚಿನ ತನಕ ಬಂದು ನೆಲಕ್ಕೆ ಬಿತ್ತು. ಬಿದ್ದದ್ದು ಕಂಡಿತು, ಸದ್ದು ಬರಲಿಲ್ಲ. ಮುಚ್ಚಳ ಎತ್ತಿದ. ಎರಡು ಬಟ್ಟಲುಗಳ ನಡುವೆ ಸುತ್ತಿಗೆ ಕಣ್ಣಿಗೆ ಸಿಗದಷ್ಟು ವೇಗವಾಗಿ ಬಡಿಯುತ್ತಿತ್ತು. ಒಂದು ಬಟ್ಟಲಿನ ಅಂಚಿಗೆ ಬೆರಳಿಟ್ಟ. ಬೆರಳು ಜುಮ್ಮೆಂದಿತು. ಗಂಟೆ ಗಂಟಲು ಹರಿಯುವ ಹಾಗೆ ಹೊಡೆಯುತ್ತಿತ್ತು, ಇಷ್ಟು ದಿನವೂ ಹೊಡೆದಿತ್ತು. ಅಕ್ಕ ನೆಲದ ಮೇಲೆ ಬಿದ್ದಿದ್ದ ಮಧ್ಯಾಹ್ನವೂ ಅವನ ಮೊಣಕೈಯ ಪಕ್ಕದಲ್ಲೇ ಹೀಗೇ ಹೊಡೆದಿತ್ತು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅದು ಮಾತಿಗೆ ಹೇಳುವುದಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಸ್ಟೂಲಿನ ಮೇಲೆ ಕುಸಿದು ಕೂತ. ಸೊಸೆ ಬಾಗಿಲಿಗೆ ಬಂದು ನಿಂತಿದ್ದಳು.

"ನಿನಗೆ ಕೇಳಿಸ್ತಾ?" ಎಂದ.

ಅವಳು ತಲೆಯಾಡಿಸಿದಳು.

"ಎಷ್ಟು ದಿನದಿಂದ ನೀನೇ ಹೋಗ್ತಿದೀಯ?"

"ಬೇಸಿಗೆಯಿಂದ, ಮಾವ." ಅವಳು ಅವನ ಕಡೆ ಮುಖಮಾಡಿ, ಬಿಡಿಸಿ ಬಿಡಿಸಿ ಹೇಳಿದಳು. ಯಾವಾಗಲೂ ಹೀಗೇ ಬಿಡಿಸಿ ಹೇಳುತ್ತಿದ್ದಳು, ಅವನು ಗಮನಿಸಿರಲಿಲ್ಲ ಅಷ್ಟೇ.

"ನಾನೆಲ್ಲಿ ಅಂತ ಅಕ್ಕ ಕೇಳ್ತಿರ್ಲಿಲ್ವಾ?"

"ಮಾವನೇ ಕಳಿಸಿದ್ರು ಅಂತಿದ್ದೆ."

"ಹಲ್ಲು ಕೀಳಿಸೋಕೆ ಹೋದಾಗ?"

"ಅತ್ತೆ ಗಂಟೆ ಮಾಡಿದ್ರೆ ನೋಡ್ಕೊಳ್ಳಿ, ಫೋನಿನ ಕಡೇನೇ ನೋಡ್ತಾ ಇರಿ ಅಂತ ಹೇಳಿದೆ. ನೀವು ಹೂಂ ಅಂದ್ರಿ."

"ನನಗೆ ಯಾಕೆ ಹೇಳ್ಲಿಲ್ಲ ನೀನು?"

"ಇವರು ಡಾಕ್ಟರಿಗೆ ತೋರಿಸೋಣ ಅಂದಿದ್ದಕ್ಕೇ ನೀವು ಊಟ ಬಿಟ್ಟಿದ್ರಿ." ಅವಳು ಒಳಗೆ ಬಂದು ನೆಲದ ಮೇಲಿದ್ದ ಸ್ಕ್ರೂ ಹೆಕ್ಕಿ ಮೇಜಿನ ಮೇಲಿಟ್ಟಳು. "ಹೋಗ್ಲಿ ಬಿಡಿ ಮಾವ. ಎಳೆ ಸಡಿಲ ಇತ್ತು, ಸರಿಮಾಡಿದೆ ಅಂದ್ಬಿಡಿ. ಅತ್ತೆ ಇಲ್ಲೇ ಉಳೀತಾರೆ. ನಾನು ಹೇಗೂ ಇರ್ತೀನಲ್ಲ."

ನಾಚಿಕೆಗೆ ಒಂದು ಗುಣವಿದೆ. ಅದು ಬಂದ ಕೂಡಲೇ ಮನುಷ್ಯ ನೆಟ್ಟಗಾಗುವುದಿಲ್ಲ, ಮೊದಲು ಅವಿತುಕೊಳ್ಳಲು ಜಾಗ ಹುಡುಕುತ್ತಾನೆ. ಸೊಸೆ ಜಾಗ ತೋರಿಸಿದಳು, ಕಿವಿಯಣ್ಣ ಹೋಗಿ ಅವಿತುಕೊಂಡ. ಸಂಜೆ ಮಗ ಬಂದ ಮೇಲೆ ಎಲ್ಲರೂ ಮಾಳಿಗೆಗೆ ಹೋದಾಗ, ಅಕ್ಕನ ಕಾಲ ಬಳಿ ಕೂತು, "ಗಂಟೆ ಸರಿಹೋಯ್ತಕ್ಕ. ಎಳೆ ಸಡಿಲ ಆಗಿತ್ತು" ಎಂದ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅಕ್ಕ ಬಟ್ಟೆಯ ಗಂಟಿನ ಕಡೆ ನೋಡಿದಳು, ತಮ್ಮನ ಕಡೆ ನೋಡಿದಳು. ಅವಳಿಗೂ ಹೋಗಲು ಮನಸ್ಸಿರಲಿಲ್ಲ. "ನೀನು ಕೈ ಇಟ್ಟಿದೀಯ ಅಂದ್ರೆ ಸರಿ. ಇರ್ತೀನಿ" ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, ಗಟ್ಟಿ ದನಿಯಲ್ಲಿ, ಒಂದಕ್ಷರ ಬಿಡದೆ ಕಿವಿಯಣ್ಣನಿಗೆ ಕೇಳುವಷ್ಟು ಗಟ್ಟಿಯಾಗಿ ಅಂದಳು. "ಆದ್ರೆ ಇನ್ಮೇಲೆ ಇವಳು ಆ ಫೋನಿನ ಹತ್ತಿರ ಸುಳೀಬಾರ್ದು. ನನ್ನನ್ನ ಆ ಸ್ಥಿತೀಲಿ ನೆಲದ ಮೇಲೆ ಕೆಡವಿದ್ದು ಸಾಕು."

"ಆಯ್ತು ಅತ್ತೆ, ಮುಟ್ಟಲ್ಲ" ಎಂದಳು ಸೊಸೆ. ಕೀಳಿಸಿದ ಹಲ್ಲಿನ ಕಡೆಯ ಕೆನ್ನೆ ಇನ್ನೂ ಸ್ವಲ್ಪ ಊದಿಕೊಂಡೇ ಇತ್ತು.

ಇದನ್ನು ನೋಡಿಕೊಂಡು ಕೂತಿರಲು ಆಗಲಿಲ್ಲ. ಮೀಸೆಯನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂರಲಾಗುತ್ತದೆ? ಕಿವಿಯಣ್ಣ ಎದ್ದು ನಿಂತ. ಮತ್ತೆ ಏನನ್ನಿಸಿತೋ, ಕೂತ.

"ಸುಳ್ಳು ಹೇಳಿದೆ ಅಕ್ಕ. ಎಳೆ ಸಡಿಲ ಇರ್ಲಿಲ್ಲ. ಗಂಟೆ ಒಂದು ದಿನಾನೂ ಕೆಟ್ಟಿರ್ಲಿಲ್ಲ. ಕೆಟ್ಟಿರೋದು ನನ್ನ ಕಿವಿ, ಚೂಪು ಸದ್ದು ಅದಕ್ಕೆ ಬೀಳೋದೇ ಇಲ್ಲ. ನೀನು ಕೈ ಬಿದ್ದುಹೋಗೋ ತನಕ ತಿರುಗಿಸ್ತಿದ್ದಾಗ ಆ ಗಂಟೆ ನನ್ನ ಪಕ್ಕದಲ್ಲೇ ಹೊಡ್ಕೋತಿತ್ತು. ನಾನು ಕಿವುಡ."

ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಉಳಿದದ್ದೂ ಬಂತು, ತಡೆಯಿಲ್ಲದೆ ಬಂತು. ಬೇಸಿಗೆಯಿಂದ ನಿನ್ನ ಕರೆ ಕೇಳಿ ಓಡಿಬರುತ್ತಿದ್ದವಳು ಇವಳು, ನಾನು ಕಳಿಸಿದ್ದಲ್ಲ. ಆ ದಿನ ಹೋಗುವ ಮುಂಚೆ ಹೇಳಿಯೇ ಹೋಗಿದ್ದಳು, ಕೇಳಿಸದೆ ಹೂಂ ಎಂದವನು ನಾನು. ಸೋಮವಾರವೇ ಡಾಕ್ಟರ ಹತ್ತಿರ ಹೋಗುತ್ತೇನೆ. ಗಂಟೆಯ ಎಳೆಗಳಿಗೇ ಒಂದು ಪುಟ್ಟ ದೀಪ ಸೇರಿಸುತ್ತೇನೆ, ನೀನು ಹಿಡಿ ತಿರುಗಿಸಿದರೆ ನನ್ನ ಕಣ್ಣ ಮುಂದೆ ಉರಿಯುತ್ತದೆ. ಇಷ್ಟಾದ ಮೇಲೂ ಆಶ್ರಮಕ್ಕೆ ಹೋಗುತ್ತೇನೆ ಎಂದರೆ ನಿನ್ನನ್ನು ತಡೆಯುವ ಮುಖ ನನಗಿಲ್ಲ.

ಅಕ್ಕ ಕೈಚಾಚಿ ಸೊಸೆಯ ಕೈ ಹಿಡಿದುಕೊಂಡಳು. ಹಿಡಿದವಳು ಅವಳ ಮುಖ ನೋಡಲಾರದೆ ಬೆರಳುಗಳನ್ನೇ ಸವರುತ್ತಾ ಕೂತಳು. ಮಗ ಗಂಟನ್ನು ಎತ್ತಿ, ಬಿಚ್ಚಿ, ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಸೊಸೆ ಕೈ ಬಿಡಿಸಿಕೊಂಡು, ಖಾಲಿ ಲೋಟಗಳನ್ನು ಎತ್ತಿಕೊಂಡು ಹೊರಟಳು. ಬಾಗಿಲ ಬಳಿ, ಬೆನ್ನು ತಿರುಗಿಸಿಕೊಂಡೇ, ಏನೋ ಹೇಳಿದಳು.

ಬಟ್ಟೆ ಜೋಡಿಸುತ್ತಿದ್ದ ಮಗನ ಕೈ ನಿಂತಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಕಿವಿಯಣ್ಣನ ನಾಲಿಗೆಯ ತುದಿಗೆ ಹೂಂ ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡ.

"ಏನಂದೆಮ್ಮ? ನನಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಸೊಸೆ ವಾಪಸು ಬಂದಳು. ಲೋಟಗಳನ್ನು ನೆಲದ ಮೇಲಿಟ್ಟು, ಅವನ ಎದುರಿಗೆ ಕೂತು, ತುಟಿ ಕಾಣುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದಳು.

"ಈ ನಾಲ್ಕು ದಿನ ಗೋಡೆಯಾಚೆ ನಾನು ಅಳ್ತಿದ್ದಿದ್ದೂ ಕೇಳಿಸ್ಲಿಲ್ವಾ ಅಂದೆ, ಮಾವ."

"ಇಲ್ಲ ಕಣಮ್ಮ" ಎಂದ ಕಿವಿಯಣ್ಣ. "ಅದೂ ಕೇಳಿಸ್ಲಿಲ್ಲ."